ಬೆಳಗು ತಿನ್ನದ ದೀಪಗಳು

ನಮ್ಮೂರಲ್ಲಿ ದೀಪಾವಳಿಯ ಮಾರನೆಯ ದಿನ ಬೆಳಗಾಗುವುದು ತಡ. ರಾತ್ರಿ ನಾವು ಎಷ್ಟು ದೀಪ ಉರಿಸಿರುತ್ತೇವೋ ಬೆಳಗು ಅಷ್ಟು ಹಿಂದೆ ಸರಿಯುತ್ತದೆ. ದಿನಬಳಕೆಯ ಒಂದೆರಡು ದೀಪಕ್ಕೆ ಅದು ಗೊತ್ತಾಗುವುದಿಲ್ಲ. ಮದುವೆಮನೆಯವರು ಚಪ್ಪರಕ್ಕೆ ದೀಪ ಹಾಕಿಸಿದರೆ ಮಾತ್ರ ಹಾಲಿನವನು ಬಾಗಿಲು ಬಡಿಯುವ ಹೊತ್ತಿಗೆ ಇನ್ನೂ ಗವ್ವೆನ್ನುವ ಕತ್ತಲು. ಅದಕ್ಕೇ ಮದುವೆಯವರು ಅಕ್ಕಪಕ್ಕದ ಮನೆಗಳಿಗೆ ಮೊದಲೇ ಹೋಗಿ, “ನಾಳೆ ನಿಮ್ಮ ಬೆಳಗು ಸ್ವಲ್ಪ ತಿಂತೀವಿ, ಬೇಜಾರು ಮಾಡ್ಕೋಬೇಡಿ” ಎಂದು ಹೇಳಿ ಲಾಡು ಕೊಟ್ಟು ಬರುತ್ತಾರೆ. ಓದುವ ಮಕ್ಕಳನ್ನು ತಾಯಂದಿರು ಗದರುವುದೂ ಹಾಗೆಯೇ: “ಆರಿಸೋ ಅದನ್ನ, ಯಾರ ಬೆಳಗು ತಿಂತಾ ಕೂತಿದೀಯ?” ಹೊರಗಿನಿಂದ ವರ್ಗವಾಗಿ ಬಂದ ಮೇಷ್ಟರು, ಬ್ಯಾಂಕಿನವರು ಮೊದಮೊದಲು ತಲೆ ಕೆಡಿಸಿಕೊಳ್ಳುತ್ತಾರೆ. ಆಮೇಲೆ ಅವರೂ ಅಂಗಳದ ದೀಪ ಆರಿಸಿ ಮಲಗುವುದನ್ನು ಕಲಿಯುತ್ತಾರೆ.

ದೀಪಾವಳಿಗೆ ಮಾತ್ರ ಇಲ್ಲಿ ಯಾರೂ ಯಾರ ಮಾತನ್ನೂ ಕೇಳುವುದಿಲ್ಲ. ಊರಲ್ಲಿರುವುದು ನಾಲ್ಕೇ ಬೀದಿ. ಬಸದಿ ಬೀದಿ, ಗಾಣದ ಬೀದಿ, ಮೇಲಿನ ಬೀದಿ, ಕೆರೆ ಬೀದಿ. ಅಮಾವಾಸ್ಯೆಯ ಸಂಜೆ ಯಾವ ಬೀದಿ ಹೆಚ್ಚು ಝಗಝಗಿಸಿತು ಎಂಬುದರ ಮೇಲೆ ಇಡೀ ವರ್ಷದ ಗತ್ತು ನಿಂತಿರುತ್ತದೆ. ಮಾರನೆಯ ದಿನ ಕೋಳಿ ಕೂಗಿ ಕೂಗಿ ಸುಸ್ತಾಗುತ್ತದೆ, ಹಸುಗಳು ಕೆಚ್ಚಲು ತುಂಬಿ ಅಂಬಾ ಎನ್ನುತ್ತವೆ, ಹೊರಗಿನಿಂದ ಬಂದ ಬಸ್ಸಿನ ಡ್ರೈವರು ಪೂರ್ತಿ ಬಿಸಿಲಿನಿಂದ ಒಮ್ಮೆಲೇ ಕತ್ತಲಿಗೆ ನುಗ್ಗಿ, ಬೈದುಕೊಳ್ಳುತ್ತಾ ಹೆಡ್‌ಲೈಟ್ ಹಾಕುತ್ತಾನೆ.

ನನ್ನ ಹೆಸರು ಚೇಲನಾ. ಮದುವೆ ಮುಂಜಿ ಹಬ್ಬಗಳಿಗೆ ದೀಪದ ಸರ ಬಾಡಿಗೆಗೆ ಕೊಡುವ ಅಂಗಡಿ ನಮ್ಮದು. ಏಣಿ ಹತ್ತುವುದು ನನ್ನ ಯಜಮಾನರು ಧರಣೇಂದ್ರ, ಕೆಳಗೆ ನಿಂತು ಬಯ್ಯುವುದು ನಾನು. ಊರಿನ ಬೆಳಗು ತಿನ್ನಿಸಿ ಬದುಕುವವಳು ಎಂದು ಹಾಲಿನವನು ನನ್ನನ್ನು ಛೇಡಿಸುತ್ತಾನೆ. ನಿನ್ನ ಹಾಲಿನಲ್ಲಿ ಎಷ್ಟು ಕೆರೆ ಇದೆ ಹೇಳು, ಆಮೇಲೆ ನನ್ನ ವ್ಯಾಪಾರದ ಮಾತಾಡೋಣ ಎಂದು ನಾನೂ ಬಿಡುವುದಿಲ್ಲ.

ನಮ್ಮ ಮನೆಯಲ್ಲಿ ಇನ್ನೊಬ್ಬರಿದ್ದಾರೆ, ನನ್ನ ಅತ್ತೆ ಮರುದೇವಮ್ಮ. ನಾವು ಜೈನರು, ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವುದು ನಮ್ಮ ಪದ್ಧತಿ. ಊಟವನ್ನೇನೋ ನಾನೂ ಮುಗಿಸುತ್ತೇನೆ, ಆದರೆ ರಾತ್ರಿ ಚಪ್ಪರದ ಕೆಲಸ ಮುಗಿಸಿ ಬಂದರೆ ನನಗೆ ಒಂದು ಲೋಟ ಕಾಫಿ ಬೇಕೇ ಬೇಕು. ಅತ್ತೆಗೆ ವಾಸನೆ ಹೋಗದಿರಲೆಂದು ಹಿತ್ತಲಲ್ಲಿ ನಿಂತು ಕುಡಿಯುತ್ತೇನೆ. ಅವರಿಗೆ ಗೊತ್ತು, ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಅವರದು ಮಾತ್ರ ಕಟ್ಟುನಿಟ್ಟಿನ ವ್ರತ. ಸೂರ್ಯ ಮುಳುಗಿದ ಮೇಲೆ ತೊಟ್ಟು ನೀರೂ ಇಲ್ಲ. ಬೆಳಿಗ್ಗೆ ಸೂರ್ಯನನ್ನು ಕಣ್ಣಾರೆ ಕಂಡ ಮೇಲೆಯೇ ಬಟ್ಟೆಯಲ್ಲಿ ಸೋಸಿದ ನೀರನ್ನು ಬಾಯಿಗೆ ಬಿಟ್ಟುಕೊಳ್ಳುತ್ತಾರೆ. ಈ ವ್ರತ ಹಿಡಿದಾಗ ಅವರು ಹೊಸ ಮದುವಣಗಿತ್ತಿ. ಈಗ ಸಕ್ಕರೆ ಕಾಯಿಲೆ ಇದೆ, ಅದಕ್ಕೆ ಮಾತ್ರೆ ಇದೆ, ಮೊಣಕಾಲಲ್ಲಿ ಶಕ್ತಿ ಇಲ್ಲ.

ಹೋದ ವರ್ಷ ಹಬ್ಬದ ಮಾರನೆಯ ದಿನ ಜಗಲಿಯಲ್ಲಿ ಪೂರ್ವಕ್ಕೆ ಮುಖ ಮಾಡಿ ಕೂತಿದ್ದ ಅತ್ತೆ ಸೂರ್ಯ ಬರುವ ಮೊದಲೇ ಪಕ್ಕಕ್ಕೆ ವಾಲಿಬಿಟ್ಟರು. ಎತ್ತಿಕೊಂಡು ಆಸ್ಪತ್ರೆಗೆ ಓಡಿದೆವು. ಡಾಕ್ಟರ್ ವಾರಿಜಾ ಡ್ರಿಪ್ ಹಾಕಿದರು. ಕಣ್ಣು ಬಿಟ್ಟ ಅತ್ತೆ ಮೊದಲು ಕೇಳಿದ್ದು, “ಹೊತ್ತು ಮೂಡಿತೇನೇ?” ಎಂದು. ಅಷ್ಟರಲ್ಲಿ ಕಿಟಕಿಯಲ್ಲಿ ಬಿಸಿಲು ಬಿದ್ದಿತ್ತು, ನನ್ನ ಪುಣ್ಯ. ವಾರಿಜಾ ನನ್ನನ್ನು ಹೊರಗೆ ಕರೆದು ಹೇಳಿದರು, “ಇನ್ನೊಂದು ಸಲ ಹೀಗೆ ಸಕ್ಕರೆ ಇಳಿದ್ರೆ ಇವರು ತಡಕೊಳ್ಳೋಲ್ಲ ಚೇಲನಾ. ಮುಂದಿನ ಹಬ್ಬಕ್ಕೆ ಮೊದಲು ಏನಾದ್ರೂ ದಾರಿ ಮಾಡಿ.”

ನಾನು ದಾರಿ ಹುಡುಕದೆ ಇರಲಿಲ್ಲ. ಊರಾಚೆ ಎಲ್ಲ ಕಡೆ ಸೂರ್ಯ ಹುಟ್ಟಿರುತ್ತಾನಲ್ಲ, ಗಡಿಯಾರ ನೋಡಿಕೊಂಡು ನೀರು ಕುಡಿಯಿರಿ ಎಂದೆ. “ವ್ರತ ಹಿಡಿದದ್ದು ಸೂರ್ಯನ ಮುಂದೆ ಕಣೆ, ನಿನ್ನ ಗಡಿಯಾರದ ಮುಂದೆ ಅಲ್ಲ” ಎಂದರು. ಹಬ್ಬದ ಆ ನಾಲ್ಕು ದಿನ ಪಕ್ಕದೂರಲ್ಲಿರುವ ನಾದಿನಿಯ ಮನೆಗೆ ಹೋಗಿ ಇದ್ದು ಬನ್ನಿ ಎಂದೆ. ಅದಕ್ಕೆ ಅತ್ತೆಯ ಮುಖ ಸಣ್ಣಗಾಯಿತು. ನಮ್ಮ ಅತ್ತೆಗೆ ಊರಿನ ದೀಪಗಳೆಂದರೆ ಪ್ರಾಣ. ಮಹಾವೀರ ಸ್ವಾಮಿಗೆ ಮೋಕ್ಷವಾದ ದಿನ ದೀಪ ಹಚ್ಚುವ ಊರು ಬಿಟ್ಟು ಇನ್ನೆಲ್ಲೋ ಕೂರಲೇ ಎಂದು ಕೇಳಿದರು. ಕಾಲು ಬಿದ್ದುಹೋದ ಮೇಲೆ ಅವರು ನೋಡುವುದು ನಮ್ಮ ಬೀದಿಯೊಂದನ್ನೇ, ಅದನ್ನೂ ಕಿತ್ತುಕೊಳ್ಳುವ ಮಾತನ್ನು ನಾನು ಮತ್ತೆ ಆಡಲಿಲ್ಲ.

ಹಾಗಿರುವಾಗ ಈ ಸಲ ನನಗೆ ಹೊಸ ದೀಪದ ಸರಗಳು ಸಿಕ್ಕಿದವು. ಅಲ್ಲಿಯವರೆಗೆ ನಾವು ಹಾಕುತ್ತಿದ್ದುದು ಹಳದಿ ಗುಂಡು ಬಲ್ಬು. ಸ್ವಲ್ಪ ಹೊತ್ತು ಉರಿದರೆ ಮುಟ್ಟಿದ ಕೈ ಸುಡುತ್ತದೆ. ದೀಪ ಎಷ್ಟು ಬಿಸಿಯಾಗುತ್ತದೋ ಅಷ್ಟು ಬೆಳಗು ತಿನ್ನುತ್ತದೆ ಎಂಬುದು ನಮ್ಮೂರಲ್ಲಿ ಮಕ್ಕಳಿಗೂ ಗೊತ್ತು. ಈ ಹೊಸ ಎಲ್‌ಇಡಿ ಸರ ಹಾಗಲ್ಲ. ಜೋಳದ ಕಾಳಿನಷ್ಟು ದೀಪ, ಎಷ್ಟು ಹೊತ್ತು ಉರಿದರೂ ತಣ್ಣಗೇ ಇರುತ್ತದೆ. ಅಂಗಡಿಯಲ್ಲಿ ಒಂದು ವಾರ ಉರಿಸಿ ನೋಡಿದೆ. ಬೆಳಗು ಒಂದಿಷ್ಟೂ ಅಲುಗಲಿಲ್ಲ. ನನಗಂತೂ ಅತ್ತೆಯನ್ನೇ ಗೆದ್ದುಕೊಂಡು ಬಂದಷ್ಟು ಖುಷಿಯಾಯಿತು.

ಮೇಲಿನ ಬೀದಿಯ ಯಜಮಾನಿಕೆ ಗುರುಸಿದ್ದಪ್ಪನವರದು. ಜವಳಿ ಅಂಗಡಿ ಇಟ್ಟುಕೊಂಡು, ಇಸ್ತ್ರಿ ಮುರಿಯದ ಬಿಳಿ ಪಂಚೆ ಉಟ್ಟು, ಯಾವ ಮಾತನ್ನೂ ‘ನಮ್ಮ ಬೀದಿಯಲ್ಲಿ’ ಎಂದೇ ಶುರು ಮಾಡುವ ಮನುಷ್ಯ. ಅವರು ಒಪ್ಪಿದರೆ ಉಳಿದವರು ಒಪ್ಪುತ್ತಾರೆ ಎಂದು ಮೊದಲು ಅವರ ಅಂಗಡಿಗೇ ಹೋಗಿ, ಹಳೆ ಬಲ್ಬನ್ನೂ ಹೊಸ ಸರವನ್ನೂ ಗಲ್ಲಾದ ಮೇಲೆ ಉರಿಸಿ ಎರಡನ್ನೂ ಮುಟ್ಟಿಸಿದೆ. ಅವರು ಹಳೆಯದನ್ನು ಮುಟ್ಟಿ ಬೆರಳು ಚೀಪಿಕೊಂಡರು. ಹೊಸದನ್ನು ಮುಟ್ಟಿ, ಅಂಗೈಯಲ್ಲಿ ಹಿಡಿದು, ಕೆನ್ನೆಗೂ ಒತ್ತಿಕೊಂಡು ನೋಡಿದರು.

“ಇದು ಬೆಳಗು ತಿನ್ನೋದೇ ಇಲ್ವಾ ಚೇಲನಮ್ಮ?”

“ತಿನ್ನುತ್ತೆ. ಹಳೇದರ ಮುಂದೆ ಏನೇನೂ ಅಲ್ಲ.”

“ಹಾಗಾದ್ರೆ ನಮ್ಮ ಬೀದಿಗೆ ಇದೇ ಇರಲಿ” ಎಂದರು ಗುರುಸಿದ್ದಪ್ಪನವರು. ಅವರು ಅಷ್ಟು ಬೇಗ ಒಪ್ಪಿದ್ದು ಕಂಡು ನನಗೆ ಅನುಮಾನ ಬರಬೇಕಿತ್ತು. ಬರಲಿಲ್ಲ. ಹದಿನೈದು ದಿನದಲ್ಲಿ ನಾಲ್ಕೂ ಬೀದಿಯವರು ಹಳದಿ ಬಲ್ಬುಗಳನ್ನು ಗೋಣಿಚೀಲದಲ್ಲಿ ತಂದು ನನ್ನ ಅಂಗಡಿಯ ಮುಂದೆ ಸುರಿದು ಹೊಸ ಸರ ಒಯ್ದರು. ಯಜಮಾನರು, “ಇಷ್ಟು ವರ್ಷ ಇವರಿಗೆ ಹೇಳಿದ್ದು ಯಾವುದೂ ತಲೆಗೆ ಹೋಗಿರಲಿಲ್ಲ, ಈಗೇನಾಯ್ತು?” ಎಂದರು. ಒಳ್ಳೆಯದಾಗುವಾಗ ಕೊಂಕು ತೆಗೀಬೇಡಿ ಎಂದು ನಾನು ಬಾಯಿ ಮುಚ್ಚಿಸಿದೆ.

ಹಬ್ಬಕ್ಕೆ ಐದಾರು ದಿನ ಇರುವಾಗ ಎಲ್ಲ ಬೀದಿಯವರೂ ಸಂಜೆ ಒಂದಿಷ್ಟು ಹೊತ್ತು ದೀಪ ಹಾಕಿ ಪರೀಕ್ಷೆ ಮಾಡುವ ರೂಢಿಯಿದೆ. ಆ ಸಂಜೆ ನಾನೂ ಯಜಮಾನರೂ ಊರು ಸುತ್ತಲು ಹೊರಟೆವು. ಗಾಣದ ಬೀದಿಗೆ ತಿರುಗಿದ್ದೇ ನಾನು ಯಜಮಾನರ ತೋಳು ಹಿಡಿದು ನಿಲ್ಲಿಸಿದೆ. ಸೂರಿನ ಅಂಚಿಗೆ ಒಂದು ಸರ ಹಾಕುತ್ತಿದ್ದವರು ಇಡೀ ಗೋಡೆಗೆ ಬಲೆಯಂತೆ ಸರ ಹೆಣೆದಿದ್ದರು. ತೆಂಗಿನ ಮರಕ್ಕೆ ಬುಡದಿಂದ ಸುಳಿಯವರೆಗೆ ಸುತ್ತಿದ್ದರು. ನೀರಿನ ಟ್ಯಾಂಕು, ಕೊಟ್ಟಿಗೆ, ಬಚ್ಚಲುಮನೆಯ ಹೊಗೆಗೂಡು, ನಿಲ್ಲಿಸಿದ್ದ ಟ್ರ್ಯಾಕ್ಟರು, ಯಾವುದನ್ನೂ ಬಿಟ್ಟಿರಲಿಲ್ಲ. ಒಬ್ಬ ಪುಣ್ಯಾತ್ಮ ತನ್ನ ಎಮ್ಮೆಯ ಕೊಂಬಿಗೂ ಸುತ್ತಿದ್ದ, ಅದು ತಲೆ ಒದರಿಕೊಂಡು ನಿಂತಿತ್ತು. ನನ್ನಲ್ಲಿ ಒಯ್ದದ್ದು ಸಾಲದೆಂದು ಹೊರಗಿನಿಂದಲೂ ಬಸ್ಸಿನ ಮೇಲೆ ಹೇರಿಸಿಕೊಂಡು ಬಂದಿದ್ದರು. ಯಾರನ್ನು ಕೇಳಿದರೂ ಒಂದೇ ಮಾತು: “ಇದು ತಿನ್ನೋದೇ ಇಲ್ವಲ್ಲ ಚೇಲನಕ್ಕ, ನೀವೇ ಹೇಳಿದ್ದು.”

ಮಾರನೆಯ ಬೆಳಗು ಹೋದ ವರ್ಷದ ಹಬ್ಬಕ್ಕಿಂತಲೂ ತಡವಾಗಿ ಬಂತು. ಬರೀ ಪರೀಕ್ಷೆಗೇ ಈ ಪಾಡು. ಅತ್ತೆ ಜಗಲಿಗೆ ಬರಲಾಗದೆ ಹಾಸಿಗೆಯ ಮೇಲೇ ಕಿಟಕಿಯತ್ತ ಮುಖ ಮಾಡಿ ಮಲಗಿದ್ದರು. ತುಟಿ ಒಣಗಿ ಬಿಳಿಚಿತ್ತು, ಕೈ ತಣ್ಣಗಾಗಿ ಬೆವರುತ್ತಿತ್ತು. ನಾನು ಅವರ ಬಾಯಿಯ ಹತ್ತಿರ ಸಕ್ಕರೆ ನೀರಿನ ಚಮಚ ಹಿಡಿದು ಬೇಡಿಕೊಂಡೆ. ಅವರು ಹಲ್ಲು ಕಚ್ಚಿ ಮುಖ ತಿರುಗಿಸಿದರು. ಬಿಸಿಲಿನ ಮೊದಲ ಗೆರೆ ಗೋಡೆಗೆ ಬಿದ್ದ ಮೇಲೆ ಬಾಯಿ ತೆರೆದರು. ನಾನು ಚಮಚದ ಮೇಲೆ ಚಮಚ ಕುಡಿಸಿದೆ.

ಬಂದು ನೋಡಿದ ವಾರಿಜಾ, “ಇದಕ್ಕಿಂತ ಉದ್ದದ ರಾತ್ರಿ ಇವರಿಗೆ ಆಗೋಲ್ಲ” ಎಂದಷ್ಟೇ ಹೇಳಿದರು. ಅವರು ಅತ್ತ ಹೋದದ್ದೇ ನಾನು ಚಪ್ಪಲಿ ಮೆಟ್ಟಿಕೊಂಡು ಊರಿನ ಮೇಲೆ ಹೊರಟೆ. ಗುರುಸಿದ್ದಪ್ಪನವರಿಗೆ, ಮುಕ್ಕಾಲು ಪಾಲು ಸರ ಇಳಿಸಿ ಎಂದೆ. “ಕೆರೆ ಬೀದಿಯವರು ಇಳಿಸಲಿ, ನಾವೂ ಇಳಿಸ್ತೀವಿ” ಎಂದರು. ಕೆರೆ ಬೀದಿಗೆ ಹೋದರೆ, ಮೊದಲು ಮೇಲಿನ ಬೀದಿಯವರು ಇಳಿಸಲಿ ಎಂದರು. ಗಾಣದ ಬೀದಿಯವರು ಇಬ್ಬರೂ ಇಳಿಸಿದ ಮೇಲೆ ನೋಡೋಣ ಎಂದರು. ನಾನು ಬಾಯಿಗೆ ಬಂದಂತೆ ಬೈದು ಮನೆಗೆ ಬಂದೆ. ಅತ್ತೆಯ ವಿಷಯವನ್ನು ಎಲ್ಲೂ ಎತ್ತಿರಲಿಲ್ಲ. ಮೊದಲು ಅವರನ್ನೊಂದು ಮಾತು ಕೇಳಬೇಕಿತ್ತು.

“ನಿಮ್ಮ ಆರೋಗ್ಯದ ಕಥೆ ಹೇಳ್ತೀನಿ ಅತ್ತೆ. ಹೇಳಿದ್ರೆ ಜನ ಕೇಳ್ತಾರೆ. ಅವರೇನು ಕಟುಕರಲ್ಲ.”

ಅತ್ತೆ ದಿಂಬಿನಿಂದ ತಲೆಯೆತ್ತಿದರು. ಅಷ್ಟು ಸಿಟ್ಟು ಅವರ ಮುಖದಲ್ಲಿ ನಾನು ಯಾವತ್ತೂ ಕಂಡಿರಲಿಲ್ಲ. “ನನ್ನ ವ್ರತ ನನ್ನದು. ಅದಕ್ಕೋಸ್ಕರ ಇನ್ನೊಬ್ಬರ ಮನೆಯ ದೀಪ ಆರಬಾರದು. ನನ್ನ ಹೆಸರು ಹೇಳಿ ಒಂದೇ ಒಂದು ದೀಪ ಆರಿಸಿದ್ದು ಗೊತ್ತಾದ್ರೂ ಸರಿ, ಆವತ್ತು ಹೊತ್ತು ಮೂಡಿದ ಮೇಲೂ ನಾನು ನೀರು ಮುಟ್ಟೋಲ್ಲ. ಮಾತು ಅಂದ್ರೆ ಮಾತು.”

ಅವರ ಮಾತು ಎಂಥದ್ದೆಂದು ನನಗೆ ಗೊತ್ತು. ಹೆಸರು ಹೇಳಿದರೆ ಅವರು ನೀರು ಬಿಡುತ್ತಾರೆ, ಹೇಳದಿದ್ದರೆ ರಾತ್ರಿ ಅವರನ್ನು ಬಿಡುವುದಿಲ್ಲ. ಆ ಮಧ್ಯಾಹ್ನ ನಾನು ಒಲೆಯ ಮುಂದೆ ಕೂತು ಅತ್ತುಬಿಟ್ಟೆ. ಸಂಕಟಕ್ಕಿಂತ ಹೆಚ್ಚಾಗಿ ರೋಷಕ್ಕೆ. ಇಷ್ಟು ಹಟದ ಮುದುಕಿಯನ್ನು ಯಾಕಾದರೂ ಇಷ್ಟು ಹಚ್ಚಿಕೊಂಡೆನೋ ಎನಿಸಿತು.

ಸಂಜೆ ಗಂಜಿ ಕುಡಿಸಲು ಹೋದಾಗ ಅತ್ತೆ ತಣ್ಣಗಾಗಿದ್ದರು. ರಾಜಿ ಮಾಡಿಕೊಳ್ಳುವವರ ಹಾಗೆ, “ನಿನ್ನೆ ಊರೆಲ್ಲ ಸುತ್ತಿ ಬಂದ್ಯಲ್ಲ, ಯಾವ ಬೀದಿ ಚೆನ್ನಾಗಿತ್ತೇ?” ಎಂದು ಕೇಳಿದರು.

“ಮೇಲಿನ ಬೀದಿ ಧಗಧಗ ಅಂತಿತ್ತು. ಆದ್ರೆ ಅಲ್ಲಿ ಒಂದು ನರಪಿಳ್ಳೆ ಇರಲಿಲ್ಲ. ಎಲ್ಲ ಕೆರೆ ಬೀದಿ ನೋಡೋಕೆ ಹೋಗಿದ್ರು.”

“ಕೆರೆ ಬೀದಿಯವರು?”

“ಅವರು ಗಾಣದ ಬೀದಿ ನೋಡೋಕೆ ಹೋಗಿದ್ರು. ಗಾಣದ ಬೀದಿಯವರು ನಮ್ಮ ಬಸದಿ ಬೀದಿಗೆ ಬಂದಿದ್ರು. ಬರೀ ದೀಪ ಉರೀತಿತ್ತು, ಬೀದಿ ಬಿಕೋ ಅಂತಿತ್ತು.”

ಅತ್ತೆ ನಕ್ಕರು. “ಮತ್ತೆ ಅಷ್ಟೊಂದು ದೀಪ ನೋಡಿದ್ದು ಯಾರೇ, ಎಮ್ಮೆಯಾ?”

ನಾನು ಗಂಜಿಯ ಬಟ್ಟಲು ಹಿಡಿದುಕೊಂಡು ಹಾಗೇ ಕೂತೆ. ಯಾರೂ ನೋಡುತ್ತಿರಲಿಲ್ಲ. ನಾಲ್ಕು ಬೀದಿ ಉರಿಯುವಾಗ ಒಬ್ಬ ಮನುಷ್ಯ ನೋಡುವುದು ಒಂದೇ ಬೀದಿಯನ್ನು. ಉಳಿದ ಮೂರು ಬೀದಿ ಸುಮ್ಮನೆ ನಮ್ಮ ಬೆಳಗನ್ನು ತಿನ್ನುತ್ತಾ ಇರುತ್ತವೆ. ಇಷ್ಟು ವರ್ಷ ದೀಪದ ವ್ಯಾಪಾರ ಮಾಡಿದ ನನಗೂ ಇದು ಹೊಳೆದಿರಲಿಲ್ಲ. “ಗಂಜಿ ಆರಿ ಹೋಗ್ತಿದೆ ಕಣೆ” ಎಂದು ಅತ್ತೆಯೇ ನೆನಪಿಸಬೇಕಾಯಿತು.

ಮಾರನೆಯ ದಿನ ಮತ್ತೆ ಗುರುಸಿದ್ದಪ್ಪನವರ ಅಂಗಡಿಗೆ ಹೋದೆ. ಹಿಂದಿನ ದಿನ ಬೈದದ್ದಕ್ಕೆ ಅವರು ಮುಖ ಗಂಟು ಹಾಕಿಕೊಂಡಿದ್ದರು. ನಾನು ಬೆಳಗಿನ ಮಾತನ್ನೇ ಎತ್ತಲಿಲ್ಲ.

“ಒಂದು ವಿಷಯ ಕೇಳ್ತೀನಿ. ಅಮಾವಾಸ್ಯೆ ಸಂಜೆ ಇಡೀ ಊರು, ಒಬ್ಬರೂ ಬಿಡದ ಹಾಗೆ, ನಿಮ್ಮ ಬೀದಿಯಲ್ಲಿ ನಿಂತಿದ್ರೆ ಹೇಗಿರುತ್ತೆ?”

“ಯಾಕೆ ನಿಲ್ತಾರೆ? ಬರ್ತಾರೆ, ಹೋಗ್ತಾರೆ.”

“ಬೇರೆ ಎಲ್ಲೂ ದೀಪ ಇರೋಲ್ಲ. ಮೂರು ಬೀದಿ ಕತ್ತಲು. ಊರೆಲ್ಲ ಕತ್ತಲಲ್ಲಿ ನಡ್ಕೊಂಡು ಬಂದು ನಿಮ್ಮ ಬೀದಿಯ ಬಾಯಲ್ಲಿ ನಿಲ್ಲುತ್ತೆ. ಆಗ ನೀವು ಸ್ವಿಚ್ ಹಾಕ್ತೀರಿ.”

ಗುರುಸಿದ್ದಪ್ಪನವರು ಕೈಯಲ್ಲಿದ್ದ ಕತ್ತರಿ ಕೆಳಗಿಟ್ಟರು. “ಕೆರೆ ಬೀದಿಯೂ ಕತ್ತಲಾ?”

“ಕೆರೆ ಬೀದಿಯೂ.”

“ನಾನೇ ಹಾಕಬೇಕಾ ಸ್ವಿಚ್ಚು?”

“ನೀವಲ್ಲದೆ ಇನ್ಯಾರು? ಆದ್ರೆ ಊರು ಮುಂದಿನ ಬೀದಿಗೆ ಹೊರಟಾಗ ನೀವೇ ಆರಿಸಬೇಕು. ಸರದಿ ಅಂದ ಮೇಲೆ ಸರದಿ.”

ಅವರ ಕಣ್ಣು ಆಗಲೇ ಎಲ್ಲೋ ಇತ್ತು. ಆ ಕ್ಷಣ ಮನಸ್ಸಿನಲ್ಲೇ ಸ್ವಿಚ್ಚು ಹಾಕಿ ಊರೆಲ್ಲ ಬಾಯಿ ಬಿಟ್ಟು ನಿಂತದ್ದನ್ನು ನೋಡುತ್ತಿದ್ದರು ಎಂದು ಕಾಣುತ್ತದೆ. ಉಳಿದ ಬೀದಿಗಳಲ್ಲೂ ನಾನು ಅದೇ ಆಸೆ ಹುಟ್ಟಿಸಿದೆ. ಎಲ್ಲರೂ ಒಪ್ಪಿದರು, ಒಪ್ಪಿದ ಮರುಗಳಿಗೆಯೇ ಜಗಳ ಶುರುವಾಯಿತು. ಕೊನೆಯಲ್ಲಿ ನೋಡಿದ್ದೇ ಮನಸ್ಸಿನಲ್ಲಿ ಉಳಿಯುವುದು, ಹಾಗಾಗಿ ಎಲ್ಲರಿಗೂ ಕೊನೆಯ ಸರದಿಯೇ ಬೇಕಂತೆ. ಬಸದಿಯ ಮೆಟ್ಟಿಲ ಮೇಲೆ ಚೀಟಿ ಎತ್ತಿದೆವು. ನಮ್ಮ ಬೀದಿ ಮೊದಲು, ಆಮೇಲೆ ಗಾಣದ ಬೀದಿ, ಆಮೇಲೆ ಮೇಲಿನ ಬೀದಿ, ಕೊನೆಯದು ಕೆರೆ ಬೀದಿಗೆ ಹೋಯಿತು. ಗುರುಸಿದ್ದಪ್ಪನವರು ಎರಡು ದಿನ ಯಾರೊಡನೆಯೂ ಸರಿಯಾಗಿ ಮಾತಾಡಲಿಲ್ಲ.

ಅಮಾವಾಸ್ಯೆಯ ದಿನ ಅತ್ತೆ ಹೊತ್ತಿರುವಾಗಲೇ ಊಟ ಮಾಡಿ ಮಾತ್ರೆ ನುಂಗಿದರು. ನಾವು ಸರದ ಕಟ್ಟುಗಳನ್ನು ಸಾಗಿಸುವ ತಳ್ಳುಗಾಡಿಯನ್ನು ಯಜಮಾನರು ತೊಳೆದು, ಹಾಸಿಗೆ ಹಾಸಿ, ಒರಗಲು ದಿಂಬು ಕಟ್ಟಿದ್ದರು. “ನನ್ನನ್ನೇನು ಬಾಡಿಗೆಗೆ ಕೊಡ್ತೀರೇನೋ?” ಎನ್ನುತ್ತಲೇ ಅತ್ತೆ ಹತ್ತಿ ಕೂತರು. ಹಸಿರು ಅಂಚಿನ ರೇಷ್ಮೆ ಸೀರೆ ಉಟ್ಟಿದ್ದರು. ಗಾಡಿ ತಳ್ಳಲು ಹೊರಟಾಗ ಅವರ ಕೈ ಗಾಡಿಯ ಅಂಚನ್ನು ಬಿಗಿಯಾಗಿ ಹಿಡಿದದ್ದನ್ನು ಕಂಡೆ. ಎಷ್ಟೋ ವರ್ಷದ ಮೇಲೆ ಅವರು ನಮ್ಮ ಬೀದಿಯ ತಿರುವು ದಾಟುವವರಿದ್ದರು.

ಅಂಥ ಕತ್ತಲನ್ನು ನಮ್ಮೂರು ಹಬ್ಬದ ದಿನ ಕಂಡೇ ಇರಲಿಲ್ಲ. ಬಾಗಿಲಿಗೊಂದು ಹಣತೆ ಬಿಟ್ಟರೆ ಬೇರೇನಿಲ್ಲ. ಜನ ಮೊದಲು ಗುಜುಗುಜು ಎಂದರು, ಕಾಲು ತುಳಿದುಕೊಂಡರು, ಒಬ್ಬರ ಸೆರಗು ಇನ್ನೊಬ್ಬರು ಹಿಡಿದು ನಕ್ಕರು. ನಮ್ಮ ಬೀದಿಯ ದೀಪ ಹತ್ತಿತು. ಇಡೀ ಊರು ಒಟ್ಟಿಗೆ ಹಾ ಎಂದಿತು. ದಿನವೂ ನೋಡುವ ಮನೆಗಳೇ, ಆದರೆ ಯಾರೂ ಕಣ್ಣು ಬೇರೆ ಕಡೆ ಹೊರಳಿಸಲಿಲ್ಲ, ಹೊರಳಿಸಲು ಬೇರೆ ಏನೂ ಇರಲಿಲ್ಲ. ಕತ್ತಲಲ್ಲಿ ನಡೆದು ಬಂದ ಕಣ್ಣಿಗೆ ಜೋಳದ ಕಾಳಿನಷ್ಟು ದೀಪವೂ ದೊಡ್ಡದಾಗಿ ಕಾಣುತ್ತಿತ್ತು. ಇಷ್ಟು ಸರ ಬೇಕಿರಲಿಲ್ಲ ಅನ್ಸುತ್ತೆ ಎಂದು ಗಾಣದ ಬೀದಿಯ ಹೆಂಗಸೊಬ್ಬಳು ಪಕ್ಕದವಳಿಗೆ ಹೇಳುತ್ತಿದ್ದಳು. ನಮ್ಮ ಬೀದಿ ಆರಿತು, ಗಾಣದ ಬೀದಿ ಹತ್ತಿತು, ಎಮ್ಮೆಗೆ ಈ ಸಲ ಬಿಡುಗಡೆ ಸಿಕ್ಕಿತ್ತು. ಅತ್ತೆ ಒಂದೊಂದು ಮನೆಯ ಮುಂದೆಯೂ ಗಾಡಿ ನಿಲ್ಲಿಸಲು ಹೇಳಿ, ಆ ಮನೆಯವರ ತಾಯಿ ಅಜ್ಜಿಯರ ಹೆಸರು ಹಿಡಿದು ವಿಚಾರಿಸಿದರು.

ಮೇಲಿನ ಬೀದಿಯ ಬಾಯಲ್ಲಿ ಗುರುಸಿದ್ದಪ್ಪನವರು ಹೊಸ ಪಂಚೆ ಉಟ್ಟು ಸ್ವಿಚ್ಚಿನ ಪೆಟ್ಟಿಗೆಯ ಪಕ್ಕ ಮದುಮಗನಂತೆ ನಿಂತಿದ್ದರು. ಎಲ್ಲರೂ ಬಂದರೇ ಎಂದು ಎರಡು ಸಲ ಕೇಳಿ ಸ್ವಿಚ್ಚು ಒತ್ತಿದರು. ಸುಳ್ಳು ಹೇಳಬಾರದು, ಆ ಬೀದಿಯೇ ಎಲ್ಲಕ್ಕಿಂತ ಚೆನ್ನಾಗಿತ್ತು. ಜನ ಚಪ್ಪಾಳೆ ತಟ್ಟಿದರು. ಗುರುಸಿದ್ದಪ್ಪನವರ ಕಣ್ಣಲ್ಲಿ ನೀರೇ ಬಂತು. ತೊಂದರೆ ಆದದ್ದು ಆಮೇಲೆ. ಊರು ಕೆರೆ ಬೀದಿಗೆ ಹೊರಟಿತು, ಗುರುಸಿದ್ದಪ್ಪನವರು ದೀಪ ಆರಿಸಲಿಲ್ಲ. ಪೆಟ್ಟಿಗೆಯ ಮೇಲೆ ಕೈಯಿಟ್ಟುಕೊಂಡು ತಮ್ಮ ಬೀದಿಯನ್ನೇ ನೋಡುತ್ತಾ ನಿಂತುಬಿಟ್ಟರು.

ಕೆರೆ ಬೀದಿಯವರು ಕತ್ತಲಲ್ಲೇ ಕಾದರು. ಕಾದು ಕಾದು, “ಅವರು ಆರಿಸದಿದ್ರೆ ನಾವು ಹಾಕಿಬಿಡ್ತೀವಿ, ಎಲ್ಲ ಬೀದಿಯವರೂ ಹಾಕಿಕೊಳ್ಳಲಿ” ಎಂದು ಗಲಾಟೆ ಎಬ್ಬಿಸಿದರು. ಗಾಣದ ಬೀದಿಯ ಕೆಲವರು ತಮ್ಮ ಸ್ವಿಚ್ಚಿನ ಕಡೆಗೆ ಹೊರಟೇಬಿಟ್ಟರು. ಅಷ್ಟು ದಿನದ ಕೆಲಸ ಒಂದು ಗಳಿಗೆಯಲ್ಲಿ ಹಾಳಾಗುವುದರಲ್ಲಿತ್ತು. ಬೈಯಲು ಬಾಯಿ ತೆರೆದೆ, ಅದಕ್ಕೆ ಮೊದಲೇ ಗಾಡಿಯ ಮೇಲಿಂದ ಅತ್ತೆ, “ನನ್ನನ್ನ ಹಿಂದಕ್ಕೆ ತಳ್ಳು” ಎಂದರು. ಯಜಮಾನರು ಗಾಡಿ ತಿರುಗಿಸಿದರು.

“ಗುರುಸಿದ್ದಪ್ಪ,” ಎಂದರು ಅತ್ತೆ, “ಯಾಕಪ್ಪ, ಆರಿಸೋಕೆ ಮನಸ್ಸು ಬರ್ತಿಲ್ವಾ?”

“ಇಲ್ಲಮ್ಮ” ಎಂದರು ಅವರು, ಚಿಕ್ಕ ಹುಡುಗನ ಹಾಗೆ. “ಆರಿಸಿದ್ರೆ ಮುಗಿದೇ ಹೋಯ್ತಲ್ಲ.”

“ನಾನು ಈ ಬೀದಿ ನೋಡಿ ಎಷ್ಟು ವರ್ಷವಾಗಿತ್ತೋ. ಒಂದೊಂದು ಮನೆ ಬಿಡದೆ ನೋಡಿದೀನಿ. ಬೇಕಾದ್ರೆ ಕೇಳು, ಸಾಲಾಗಿ ಹೇಳ್ತೀನಿ. ನಾನು ನೋಡಿದ್ದು ಎಲ್ಲಿಗೂ ಹೋಗೋಲ್ಲ. ಆರಿಸು ನನ್ನಪ್ಪ, ಅವರೂ ಮಕ್ಕಳೊಂದಿಗೆ ಕಾಯ್ತಿದಾರೆ.”

ಗುರುಸಿದ್ದಪ್ಪನವರು ಪಂಚೆಯ ತುದಿಯಲ್ಲಿ ಕಣ್ಣೊರೆಸಿಕೊಂಡು ಸ್ವಿಚ್ಚು ಆರಿಸಿದರು. ಆಮೇಲೆ ಗಾಡಿಯನ್ನು ಕೆರೆ ಬೀದಿಯವರೆಗೆ ತಾವೇ ತಳ್ಳಿಕೊಂಡು ಬಂದರು. ಅಲ್ಲಿನ ದೀಪ ಹತ್ತಿದಾಗ, ಪರವಾಗಿಲ್ಲ, ಆದರೆ ನಮ್ಮ ಬೀದಿಯಷ್ಟಿಲ್ಲ ಎಂದು ಬೀದಿಯುದ್ದಕ್ಕೂ ಅತ್ತೆಗೆ ಹೇಳುತ್ತಿದ್ದರು. ಮನೆಗೆ ಬಂದು ಅತ್ತೆಯನ್ನು ಮಲಗಿಸಿ, ಅವರ ಪಕ್ಕದ ಚಾಪೆಯಲ್ಲಿ ಎಚ್ಚರವಾಗಿಯೇ ಇರಬೇಕೆಂದು ಕೂತೆ. ನಾಲ್ಕು ಬೀದಿ ಸುತ್ತಿದ ಕಾಲು, ಯಾವಾಗ ನಿದ್ದೆ ಹತ್ತಿತೋ ತಿಳಿಯಲಿಲ್ಲ.

ಕಣ್ಣು ಬಿಟ್ಟಾಗ ಗೋಡೆಯ ಮೇಲೆ ಬಿಸಿಲಿತ್ತು. ಹಾಸಿಗೆಯಲ್ಲಿ ಅತ್ತೆ ಇರಲಿಲ್ಲ. ಬಿಸಿಲೇರುವಷ್ಟು ಹೊತ್ತಾಗಿದೆ, ಅಂದರೆ ಬೆಳಗು ಎಷ್ಟು ತಡವಾಗಿ ಬಂತೋ, ಅವರಿಗೆ ಏನಾಯಿತೋ ಎಂದು ಎದ್ದು ಓಡಿದೆ. ಅಡುಗೆಮನೆಯ ಗಡಿಯಾರ ಮಾಮೂಲಿ ಬೆಳಗಿನ ಹೊತ್ತನ್ನೇ ತೋರಿಸುತ್ತಿತ್ತು. ನನಗೆ ನಂಬಿಕೆ ಬರಲಿಲ್ಲ, ಕೆಟ್ಟಿದೆಯೇನೋ ಎಂದು ಕಿವಿಯಿಟ್ಟು ಕೇಳಿದೆ. ಒಂದೊಂದೇ ಬೀದಿ, ಅದೂ ಊರು ನೋಡುವಷ್ಟು ಹೊತ್ತು ಮಾತ್ರ ಉರಿದದ್ದಕ್ಕೆ ಸೂರ್ಯ ಸರಿಯಾದ ಹೊತ್ತಿಗೇ ಬಂದಿದ್ದ. ಬೀದಿಗೆ ಬಂದರೆ ಒಂದು ಬಾಗಿಲೂ ತೆರೆದಿರಲಿಲ್ಲ. ಹಬ್ಬದ ಮಾರನೆಯ ಬೆಳಗು ತಡ ಎಂದು ಊರಿಗೆ ಊರೇ ಹೊದ್ದು ಮಲಗಿತ್ತು. ಹಾಲಿನವನ ಸುಳಿವೂ ಇರಲಿಲ್ಲ.

ಅತ್ತೆ ಜಗಲಿಯ ಮೇಲೆ ಬಿಸಿಲಿಗೆ ಮುಖವೊಡ್ಡಿ ಕೂತಿದ್ದರು. ಕೈಯಲ್ಲಿ ಸೋಸಿದ ನೀರಿನ ಚೊಂಬು ತುಂಬಿದ್ದು ತುಂಬಿದಂತೆಯೇ ಇತ್ತು. ತುಟಿ ಒಣಗಿತ್ತು.

“ಅತ್ತೆ, ಹೊತ್ತು ಮೂಡಿದೆಯಲ್ಲ. ಕುಡೀರಿ.”

“ಇಷ್ಟು ಬೇಗ ಹೇಗೆ ಮೂಡಿತು?” ಎಂದರು ಅತ್ತೆ ನನ್ನ ಕಣ್ಣನ್ನೇ ನೋಡುತ್ತಾ. “ನಿಜ ಹೇಳು ಚೇಲನಾ. ಸರದಿ ಗಿರದಿ ಅಂತ ಎಲ್ಲ ಮಾಡಿದ್ದು ನನಗೋಸ್ಕರ. ಮನೆ ಮನೆಗೆ ಹೋಗಿ ನನ್ನ ಹೆಸರು ಹೇಳಿದೀಯ.”

“ಇಲ್ಲ ಅತ್ತೆ. ನಿಮ್ಮಾಣೆಗೂ ಹೇಳಿಲ್ಲ.”

“ನನಗೋಸ್ಕರ ನೀನು ಸುಳ್ಳಾಣೆ ಹಾಕೋಕೂ ಹೇಸೋಳಲ್ಲ, ನನಗೆ ಗೊತ್ತು” ಎಂದು ಅವರು ಚೊಂಬನ್ನು ಪಕ್ಕಕ್ಕಿಟ್ಟರು. ನಿಜ ಹೇಳಿದರೂ ನಂಬದವರ ಮುಂದೆ ಇನ್ನೇನು ಹೇಳಲಿ? ಯಜಮಾನರನ್ನು ಎಬ್ಬಿಸೋಣವೆಂದರೆ ಅವರು ನನ್ನ ಗಂಡ, ಅವರ ಮಾತೂ ನನ್ನ ಮಾತೇ ಆಗುತ್ತಿತ್ತು.

ಅಷ್ಟರಲ್ಲಿ ಖಾಲಿ ಬೀದಿಯಲ್ಲಿ ಒಬ್ಬರೇ ಗುರುಸಿದ್ದಪ್ಪನವರು ಬಂದರು. ಖುಷಿಗೆ ನಿದ್ದೆಯೇ ಹತ್ತಿರಲಿಲ್ಲವೆಂದು ಕಾಣುತ್ತದೆ, ರಾತ್ರಿಯ ಪಂಚೆಯಲ್ಲೇ ಇದ್ದರು. ಅತ್ತೆಯನ್ನು ಕಂಡದ್ದೇ ಜಗಲಿಯ ತುದಿಯಲ್ಲಿ ಕೂತರು.

“ಏನಮ್ಮ, ನಮ್ಮ ಬೀದಿ ಹೇಗಿತ್ತು, ಇನ್ನೊಂದು ಸಲ ಹೇಳಿ. ನಾನು ಮೊದಲಿಂದ ಇದನ್ನೇ ಹೇಳ್ತಿದ್ದೆ ನೋಡಿ. ಎಲ್ಲರೂ ಒಟ್ಟಿಗೆ ಹಾಕಿದ್ರೆ ಯಾರದನ್ನ ಯಾರು ನೋಡ್ತಾರೆ? ಸುತ್ತ ಕತ್ತಲಿರಬೇಕು, ನಡುವೆ ನಮ್ಮದೊಂದೇ ಬೆಳಗಬೇಕು. ಈ ಉಪಾಯ ನನ್ನದೇ ಅಮ್ಮ. ಚೇಲನಮ್ಮನಿಗೆ ಹೇಳಿ ನಾನೇ ನಾಲ್ಕೂ ಬೀದಿಗೆ ಕಳಿಸಿದ್ದು. ಬೇಕಾದ್ರೆ ಅವರನ್ನೇ ಕೇಳಿ.”

ಬೇರೆ ದಿನವಾಗಿದ್ದರೆ ನಾನು ಅವರ ಜನ್ಮ ಜಾಲಾಡಿಬಿಡುತ್ತಿದ್ದೆ. ಅತ್ತೆ ಅವರ ಮುಖ ನೋಡಿದರು, ನನ್ನ ಮುಖ ನೋಡಿದರು.

“ಹೌದೇನೇ?”

“ಹೌದು ಅತ್ತೆ” ಎಂದೆ. “ಎಲ್ಲ ಅವರದೇ.”

ಅತ್ತೆ ಚೊಂಬು ಎತ್ತಿಕೊಂಡರು. ಸೂರ್ಯನಿಗೆ ಕೈ ಮುಗಿದು, ಕಣ್ಣು ಮುಚ್ಚಿ ತುಟಿ ಅಲುಗಿಸಿ, ತಲೆಯೆತ್ತಿ ನೀರು ಬಿಟ್ಟುಕೊಂಡರು. ಗುರುಸಿದ್ದಪ್ಪನವರು ಈಗ ಮುಂದಿನ ವರ್ಷ ತಾವು ಮಾಡಿಸಲಿರುವ ನವಿಲಿನ ಆಕಾರದ ದೀಪದ ಬಗ್ಗೆ ಶುರು ಮಾಡಿದ್ದರು. ಅತ್ತೆಯ ಗಂಟಲಲ್ಲಿ ನೀರು ಇಳಿಯುವುದನ್ನೇ ನೋಡುತ್ತಾ, ನಾನು ಅವರ ಒಂದೊಂದು ಮಾತಿಗೂ ಹೂಂ ಹೂಂ ಎನ್ನುತ್ತಾ ನಿಂತೆ.